ನಲವತ್ತಕ್ಕೆ ಅರ್ಧ ಕಡಿಮೆ

ಬಿಸಿಲು ನಿಜವಾಗಿಯೂ ಹೆಚ್ಚಾಗಿದೆಯೇ, ಇಲ್ಲ ಇದೆಲ್ಲ ಅಂಕಿಗಳ ಆಟವೇ ಎಂದು ಕಳೆದ ಸಲ ನೀವು ವಾದಿಸಿದಿರಲ್ಲ, ಆಗ ನಿಮ್ಮ ನೆತ್ತಿಯ ಮೇಲೆ ಫ್ಯಾನು ತಿರುಗುತ್ತಿರಲಿಲ್ಲವೇ? ತಿರುಗುತ್ತಿತ್ತು. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಫ್ಯಾನಿನ ಕೆಳಗೆ ಹುಟ್ಟಿದ ಸಂದೇಹ ಬೀದಿಗೆ ಇಳಿದಾಗ ಅದನ್ನು ಯಾರ ತಲೆ ಹೊರುತ್ತದೆ ಎಂಬುದನ್ನು ತಿಳಿಯಲು ಪಾದರಸನ ಒಂದು ದಿನದ ಪಾಡನ್ನು ಕೇಳಿದರೆ ಸಾಕು.

ಪಾದರಸ ಎಂಬುದು ಉದ್ಯೋಗದಿಂದ ಅಂಟಿದ ಅಡ್ಡಹೆಸರು. ಹೆಸರು ಕೇಳಿ ಚುರುಕಿನ ಮನುಷ್ಯನನ್ನು ನಿರೀಕ್ಷಿಸಿದವರಿಗೆ ನಿರಾಶೆ ಖಂಡಿತ. ಆಮೆ ಎದುರಾದರೆ ದಾರಿ ಬಿಟ್ಟು ನಿಲ್ಲುವ ಜಾಯಮಾನ ಅವನದು. ಪಟ್ಟಣ ಸಭೆಯ ಕಟ್ಟಡದ ಹಿತ್ತಲಿನಲ್ಲಿ ನಾಲ್ಕು ಕಾಲುಗಳ ಮೇಲೆ ಒಂದು ಬಿಳಿ ಮರದ ಪೆಟ್ಟಿಗೆ ನಿಂತಿತ್ತು. ಅದರೊಳಗೆ ಒಂದು ಉಷ್ಣಮಾಪಕ. ದಿನವೂ ಮಧ್ಯಾಹ್ನ ಎರಡೂವರೆಗೆ ಪೆಟ್ಟಿಗೆ ತೆರೆದು, ಕಂಡ ಅಂಕಿಯನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಜ್ವರ ನೋಡುವ ಕಡ್ಡಿಯಂತೆ ಅದರಲ್ಲಿಯೂ ಒಮ್ಮೆ ಏರಿದ ಪಾದರಸ ತಾನಾಗಿ ಇಳಿಯುವುದಿಲ್ಲ. ಆದ್ದರಿಂದ ಮರುದಿನ ಬೆಳಿಗ್ಗೆ ಅದನ್ನು ಕೈಯಲ್ಲಿ ಹಿಡಿದು ಕೊಡವಿ ಇಳಿಸಿಡಬೇಕು. ಹನ್ನೊಂದು ವರ್ಷಗಳಿಂದ ಅವನು ಮಾಡುತ್ತ ಬಂದದ್ದು ಇಷ್ಟೇ.

ಮೊದಲ ಎಂಟು ವರ್ಷ ಆ ಅಂಕಿ ಯಾರಿಗೂ ಬೇಕಿರಲಿಲ್ಲ. ಮೂರು ವರ್ಷದ ಹಿಂದೆ ಸಭೆಯು ಒಂದು ನಿಯಮ ಮಾಡಿತು: ಪಾದರಸನ ಅಂಕಿ ನಲವತ್ತು ಮುಟ್ಟಿದರೆ, ಮರುದಿನ ಹನ್ನೆರಡರಿಂದ ಮೂರು ಗಂಟೆಯವರೆಗೆ ಬಯಲಿನಲ್ಲಿ ದುಡಿಯುವವರಿಗೆ ಕೂಲಿ ಕಡಿತ ಮಾಡದೆ ಬಿಡುವು ಕೊಡಬೇಕು. ಅಂದಿನಿಂದ ಊರಿನಲ್ಲಿ ಎಲ್ಲರಿಗೂ ಆ ಅಂಕಿಯ ಬಗ್ಗೆ ಒಂದೊಂದು ಅಭಿಪ್ರಾಯ ಹುಟ್ಟಿತು. ಅಭಿಪ್ರಾಯ ಇಲ್ಲದೆ ಉಳಿದವನು ಪಾದರಸನೊಬ್ಬನೇ. ಅವನ ತಂಗಿ ರಸ್ತೆಗೆ ಡಾಂಬರು ಹಾಕುವ ತಂಡದಲ್ಲಿದ್ದಳು. ಎರಡು ಬೇಸಿಗೆಯ ಹಿಂದೆ ಕಾದ ಡಾಂಬರಿನ ಪಕ್ಕದಲ್ಲಿ ಅವಳು ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಅದರ ಹಿಂದಿನ ದಿನದ ಅಂಕಿ ಮೂವತ್ತೊಂಬತ್ತು. ನಲವತ್ತಾಗಿರಲಿಲ್ಲವಾದ್ದರಿಂದ ಬಿಡುವು ಇರಲಿಲ್ಲ. ಅದನ್ನು ಬರೆದ ಕೈ ಅಣ್ಣನದೇ.

ನಾನು ಹೇಳಹೊರಟ ದಿನ ಬೆಳಿಗ್ಗೆ ಎಂಟೂವರೆಗೆ ಅವನು ಹಿತ್ತಲಿಗೆ ಬಂದಾಗ ತಂಗಿ ಸಲಿಕೆ ಹೆಗಲಿಗೇರಿಸಿ ಬೇಲಿಯ ಆಚೆ ನಿಂತಿದ್ದಳು.

"ನಿನ್ನೆ ಎಷ್ಟು ಬರೆದೆ ಅಣ್ಣ?"

"ಮೂವತ್ತೊಂಬತ್ತೂವರೆ."

"ಅರ್ಧ ಸೇರಿಸಿ ಬರೆದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

"ಕಂಡಿದ್ದನ್ನ ಬರೀಬೇಕಮ್ಮ. ಇವತ್ತು ಅರ್ಧ ಸೇರಿಸಿದ್ರೆ ನಾಳೆ ಇನ್ನೊಬ್ಬ ಬಂದು ಅರ್ಧ ಕಳಿ ಅಂತಾನೆ."

"ಆಯ್ತಪ್ಪ ಧರ್ಮರಾಯ. ನಾನು ಮಧ್ಯಾಹ್ನ ನಿಮ್ಮ ಸಭೆ ಮುಂದಿನ ರಸ್ತೇಲೇ ಇರ್ತೀನಿ. ಬಿದ್ರೆ ಎತ್ತೋಕಾದ್ರೂ ಬಾ," ಎಂದು ಅವಳು ನಡೆದಳು.

ಆ ದಿನ ಸಾಮಾನ್ಯ ದಿನವಾಗಿರಲಿಲ್ಲ. ನಿಯಮದ ಮೂರು ವರ್ಷದ ಅವಧಿ ಅಂದಿಗೆ ಮುಗಿಯುತ್ತಿತ್ತು. ಅದನ್ನು ಮುಂದುವರಿಸಬೇಕೆ ಬೇಡವೆ ಎಂದು ಮಧ್ಯಾಹ್ನ ಸಭೆ ತೀರ್ಮಾನಿಸಬೇಕಿತ್ತು. ವಾದ ಕೇಳಿ ಕೇಳಿ ಸಾಕಾಗಿದ್ದ ಅಧ್ಯಕ್ಷೆ ಒಂದು ದಾರಿ ಕಂಡುಹಿಡಿದಿದ್ದರು. ಎರಡೂವರೆಗೆ ಸದಸ್ಯರೆಲ್ಲ ಪೆಟ್ಟಿಗೆಯ ಮುಂದೆ ನಿಲ್ಲುವುದು. ಎಲ್ಲರ ಕಣ್ಣೆದುರು ನಲವತ್ತು ದಾಟಿದರೆ ನಿಯಮ ಮುಂದುವರಿಯುವುದು.

ಪಾದರಸ ಈ ಗುರುತರ ಹೊಣೆಯನ್ನು ನೆನೆಯುತ್ತ ಉಷ್ಣಮಾಪಕವನ್ನು ಹೊರತೆಗೆದು, ಕೈ ನೀಡಿ, ಒಮ್ಮೆ ಕೊಡವಿದ. ಎರಡನೆಯ ಸಲ ಕೈ ಬೀಸುವಷ್ಟರಲ್ಲಿ ಪಕ್ಕದ ಗೋಡೆಯ ಮೇಲೆ ನಿವೃತ್ತ ವಿಜ್ಞಾನ ಮೇಷ್ಟ್ರ ತಲೆ ಮೂಡಿತು.

"ಏನಯ್ಯ ಪಾದರಸ, ಇವತ್ತು ಭೂಮಿ ಬೇಯ್ತಾ ಇದೆಯೋ, ಇಲ್ವೋ?"

ಮೇಷ್ಟ್ರಿಗೆ ಉತ್ತರ ಕೊಡಲು ಅವನು ತಿರುಗಿದ. ಕೈ ಮಾತ್ರ ತನ್ನ ಕೆಲಸ ಮುಂದುವರಿಸಿತು. ಉಷ್ಣಮಾಪಕ ಪೆಟ್ಟಿಗೆಯ ಬಾಗಿಲಿಗೆ ಬಡಿದು ಎರಡು ತುಂಡಾಯಿತು. ಪಾದರಸದ ಹನಿಗಳು ಮಗ್ಗಿ ಒಪ್ಪಿಸಲು ಕರೆದಾಗ ಚದುರುವ ಹುಡುಗರಂತೆ ಕಲ್ಲುಹಾಸಿನ ಮೇಲೆ ದಿಕ್ಕುದಿಕ್ಕಿಗೆ ಓಡಿದವು.

ಮೇಷ್ಟ್ರು ಸ್ವಲ್ಪ ಹೊತ್ತು ನೋಡಿದರು. "ನೋಡಿದೆಯಾ, ಇಷ್ಟು ದುರ್ಬಲವಾದ ವಸ್ತುವನ್ನ ನಂಬಿ ಕಾನೂನು ಮಾಡ್ತಾರೆ," ಎಂದು ಹೇಳಿ ತಲೆಯನ್ನು ಗೋಡೆಯ ಆಚೆಗೆ ಇಳಿಸಿಕೊಂಡರು.

ಹನಿಗಳನ್ನು ಕಾಗದದಿಂದ ಗೋರಿ ಶೀಶೆಗೆ ತುಂಬಿ, ಗಾಜಿನ ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ಪಾದರಸ ಬೀದಿಗೆ ಬಂದ. ಹೊಸದು ಬೇಕೆಂದು ಕೇಂದ್ರ ಕಚೇರಿಗೆ ಬರೆದರೆ ಆರು ತಿಂಗಳು. ಅವನಿಗೆ ಇದ್ದದ್ದು ಆರು ಗಂಟೆ.

ಮೊದಲು ನೆನಪಾದದ್ದು ಏರ್‌ಕೂಲರ್ ಅಂಗಡಿ. ಅಲ್ಲಿ ಗೋಡೆಯ ಮೇಲೆ ತಟ್ಟೆಯಷ್ಟು ದೊಡ್ಡ ಉಷ್ಣಮಾಪಕವಿತ್ತು. ಬೆಳಗಿನ ಒಂಬತ್ತೂಕಾಲಿಗೇ ಅದರ ಮುಳ್ಳು ನಲವತ್ತಾರರಲ್ಲಿ ನಿಂತಿತ್ತು.

"ಧಾರಾಳವಾಗಿ ತಗೊಂಡು ಹೋಗಿ ಸಾರ್," ಎಂದ ಅಂಗಡಿಯವನು. "ನಲವತ್ತನಾಲ್ಕಕ್ಕಿಂತ ಕೆಳಗೆ ಬಂದ ಇತಿಹಾಸಾನೇ ಇಲ್ಲ."

"ಚಳಿಗಾಲದಲ್ಲೂ?"

"ಚಳಿಗಾಲದಲ್ಲಿ ನಲವತ್ತನಾಲ್ಕು. ಮುಳ್ಳನ್ನ ನಾನೇ ಅಂಟಿಸಿದ್ದು. ಗಿರಾಕಿ ಒಳಗೆ ಬಂದು ಅದನ್ನ ನೋಡಿದ ಕೂಡ್ಲೆ ಬೆವರಬೇಕು ನೋಡಿ. ನಿಮ್ಮ ನಿಯಮಕ್ಕೂ ಅದೇ ತಾನೇ ಬೇಕಿರೋದು?"

"ನಿಯಮಕ್ಕೆ ನಿಜ ಬೇಕು."

"ನಿಜ ನಮ್ಮ ಅಂಗಡೀಲಿ ಸ್ಟಾಕ್ ಇಲ್ಲ ಸಾರ್," ಎಂದು ಅವನು ವಿನಯದಿಂದ ಕೈಮುಗಿದ.

ಔಷಧಿ ಅಂಗಡಿಯಾಕೆ ಅವನ ಕತೆಯನ್ನು ಅರ್ಧ ಕೇಳಿ, ಉಷ್ಣಮಾಪಕ ಎಂಬ ಮಾತು ಬಂದೊಡನೆ ಒಂದನ್ನು ತೆಗೆದು ಅವನ ಬಾಯಿಗೇ ಇಟ್ಟಳು. ಅವಳ ಅಂಗಡಿಯಲ್ಲಿ ಇದ್ದದ್ದು ಎರಡೇ ಬಗೆ: ಲಸಿಕೆಯ ಫ್ರಿಜ್ಜಿನದು, ಅದು ಇಪ್ಪತ್ತರ ಮೇಲೆ ಏರದು; ಜ್ವರದ್ದು, ಅದರಲ್ಲಿ ಇದ್ದದ್ದು ಫ್ಯಾರನ್‌ಹೀಟ್ ಅಂಕಿ, ಅದೂ ತೊಂಬತ್ತನಾಲ್ಕರ ಕೆಳಗೆ ಇಳಿಯದು.

"ನನಗಲ್ಲಮ್ಮ, ಗಾಳಿಗೆ ಬೇಕಿರೋದು..." ಎಂದು ಅವನು ಬಾಯಲ್ಲಿ ಕಡ್ಡಿ ಇಟ್ಟುಕೊಂಡೇ ತೊದಲಿದ.

"ಮಾತಾಡ್ಬೇಡಿ." ಆಕೆ ಕಡ್ಡಿ ತೆಗೆದು ಬೆಳಕಿಗೆ ಹಿಡಿದಳು. "ನೂರೊಂದು. ನಿಮಗೇ ಜ್ವರ. ಮನೆಗೆ ಹೋಗಿ ಮಲಗಿ."

"ಜ್ವರ ಅಲ್ಲ, ಬಿಸಿಲಲ್ಲಿ ತಿರುಗಿದ್ದಕ್ಕೆ."

"ಎರಡಕ್ಕೂ ಮಾತ್ರೆ ಒಂದೇ," ಎಂದು ಆಕೆ ಮಾತ್ರೆಯ ಪಟ್ಟಿ ಕತ್ತರಿಸಿದಳು.

ಅಲ್ಲಿಂದ ಹೊರಬರುವಾಗ ಬಾಗಿಲಲ್ಲೇ ರಸ್ತೆ ಗುತ್ತಿಗೆದಾರನ ಕಾರು ನಿಂತಿತ್ತು. ಈತ ಗುತ್ತಿಗೆದಾರನೂ ಹೌದು, ಪಟ್ಟಣ ಸಭೆಯ ಸದಸ್ಯನೂ ಹೌದು; ಅರ್ಜಿ ಬರೆದ ಕೈಯೇ ಮಂಜೂರಾತಿಗೂ ಏಳುತ್ತಿತ್ತು. ಪಾದರಸನ ತಂಗಿ ದುಡಿಯುತ್ತಿದ್ದದ್ದು ಈತನ ತಂಡದಲ್ಲಿ. ಕಾರಿನ ಗಾಜು ನಾಲ್ಕು ಬೆರಳಷ್ಟು ಇಳಿಯಿತು. ಒಳಗಿನ ತಂಪು ಗಾಳಿ ಪಾದರಸನ ಮೂಗನ್ನು ಸವರಿತು.

"ಏನಪ್ಪ, ಮುಖ ಕೆಂಪಗಾಗಿದೆ? ಇಲ್ಲಿ ನೋಡು, ನನ್ನ ಕಾರಲ್ಲೂ ಅಂಕಿ ಬರುತ್ತೆ. ಇಪ್ಪತ್ಮೂರು. ಎಲ್ಲಿದೆ ನಿನ್ನ ಬಿಸಿಲು?"

"ಅದು ಕಾರಿನ ಒಳಗಿನದು ಸಾಹೇಬ್ರೆ."

"ಒಳಗಿರೋನಿಗೆ ಒಳಗಿನದೇ ನಿಜ. ನಿನ್ನ ರಿಜಿಸ್ಟರ್ ನೋಡಿದ್ದೀನಿ. ಮೊದಲ ವರ್ಷ ನಲವತ್ತು ದಾಟಿದ್ದು ಮೂರು ದಿನ, ಹೋದ ವರ್ಷ ಹದಿನಾಲ್ಕು. ಬಿಸಿಲು ಏರಲಿಲ್ಲಪ್ಪ, ನಿನಗೆ ವಯಸ್ಸಾಯ್ತು, ಕಣ್ಣು ಏರಿದೆ." ಗಾಜು ಮೇಲೇರಿತು.

ಕಡೆಗೆ ಮಧ್ಯಾಹ್ನ ಒಂದೂಮುಕ್ಕಾಲಿಗೆ, ಬೇರೆ ದಾರಿ ಕಾಣದೆ, ಅವನು ಮೇಷ್ಟ್ರ ಬಾಗಿಲು ತಟ್ಟಿದ. ಶಾಲೆಯ ಪ್ರಯೋಗಶಾಲೆಯಿಂದ ನಿವೃತ್ತಿಯ ದಿನ ಉಡುಗೊರೆಯಾಗಿ ಬಂದ ಉಷ್ಣಮಾಪಕವೊಂದು ಅವರ ಮೇಜಿನ ಖಾನೆಯಲ್ಲಿದೆಯೆಂದು ಅವನಿಗೆ ಗೊತ್ತಿತ್ತು. ಮೇಷ್ಟ್ರು ಫ್ಯಾನಿನ ಕೆಳಗೆ ಕುಳಿತು ಹಳೆಯ ಪತ್ರಿಕೆಗಳಿಂದ ಕತ್ತರಿಸಿದ ಲೇಖನಗಳನ್ನು ಅಂಟಿಸುತ್ತಿದ್ದರು.

"ಕೊಡ್ತೀನಿ. ಅಪ್ಪಟ ಉಪಕರಣ. ಕೂದಲೆಳೆಯಷ್ಟೂ ತಪ್ಪಿಲ್ಲ," ಎಂದರು. "ಆದ್ರೆ ಒಂದು ಮಾತು. ಅದು ತೋರಿಸಿದ್ದನ್ನ ನಾನು ಒಪ್ತೀನಿ ಅಂತ ತಿಳ್ಕೋಬೇಡ."

"ತಪ್ಪಿಲ್ಲ ಅಂದ್ರಲ್ಲ ಮೇಷ್ಟ್ರೇ?"

"ಉಪಕರಣಕ್ಕೆ ತಪ್ಪಿಲ್ಲ. ತಾಪಕ್ಕೆ ಅರ್ಥ ಇಲ್ಲ. ನಾನು ಚಿಕ್ಕವನಿದ್ದಾಗಲೂ ಬಿಸಿಲಿತ್ತು."

"ಇಷ್ಟಿತ್ತಾ?"

"ಅಳೆದವರು ಯಾರು?"

"ಈಗ ಅಳೀತಾ ಇದ್ದೀನಲ್ಲ."

"ಈಗ ಅಳೆದಿದ್ದನ್ನ ಆಗ ಅಳೆಯದೆ ಇದ್ದಿದ್ದರ ಜೊತೆ ಹೋಲಿಸೋಕಾಗಲ್ಲಯ್ಯ," ಎಂದು ಮೇಷ್ಟ್ರು ಅಡ್ಡಗೋಡೆಯ ಮೇಲೆ ದೀಪವಿಟ್ಟು, ಬೆವರು ಒರೆಸಿಕೊಂಡು, ಫ್ಯಾನನ್ನು ಇನ್ನೂ ಒಂದು ಸುತ್ತು ಜೋರು ಮಾಡಿದರು.

ಎರಡೂವರೆಗೆ ಒಂಬತ್ತು ಜನ ಸದಸ್ಯರು ಹಿತ್ತಲಿಗೆ ಬಂದರು. ಕೆಲವರು ಕೊಡೆ ಹಿಡಿದಿದ್ದರು, ಕೆಲವರು ಸಭೆಯ ಕಾರ್ಯಸೂಚಿಯನ್ನೇ ತಲೆಯ ಮೇಲಿಟ್ಟುಕೊಂಡಿದ್ದರು. ಗುತ್ತಿಗೆದಾರ ಮಾತ್ರ ಗೋಡೆಗೆ ಬೆನ್ನು ಹಚ್ಚಿ ಅದರ ನೆರಳಿನಲ್ಲಿ ನಿಂತಿದ್ದ. ರಸ್ತೆಯ ಕಡೆಯಿಂದ ಡಾಂಬರಿನ ವಾಸನೆ, ಸಲಿಕೆಗಳ ಕೆರೆತ ಬರುತ್ತಿದ್ದವು. ಪಾದರಸ ಪೆಟ್ಟಿಗೆಯ ಬಾಗಿಲು ತೆರೆದ. ಅಧ್ಯಕ್ಷೆ ಬಗ್ಗಿ, ಕನ್ನಡಕ ಸರಿಪಡಿಸಿಕೊಂಡು, ಸ್ವತಃ ಓದಿದರು.

"ನಲವತ್ತೊಂದೂವರೆ," ಎಂದರು. "ಸರಿ. ಇನ್ನು ವಾದ ಬೇಡ. ನಿಯಮ ಮುಂದುವರೀಲಿ. ಒಳಗೆ ಹೋಗೋಣ, ಚಪ್ಪಲಿ ಸುಡ್ತಾ ಇದೆ."

ಪಾದರಸನ ಎದೆಯ ಮೇಲೆ ಬೆಳಗಿನಿಂದ ಕೂತಿದ್ದ ಕಲ್ಲು ಇಳಿಯಿತು. ಅದು ನೆಲ ಮುಟ್ಟುವ ಮೊದಲೇ ಗುತ್ತಿಗೆದಾರ ನೆರಳಿನಿಂದ ಮಾತಾಡಿದ.

"ಒಂದು ನಿಮಿಷ ಮೇಡಂ. ನಿನ್ನೆ ಮೂವತ್ತೊಂಬತ್ತೂವರೆ. ನಿನ್ನೆಯಂಥದ್ದೇ ಬಿಸಿಲು ಇವತ್ತು. ಒಂದೇ ದಿನಕ್ಕೆ ಎರಡು ಡಿಗ್ರಿ ಹೇಗೆ ಜಿಗೀತು? ಏನಪ್ಪ, ಇದು ಸಭೆಯ ಉಷ್ಣಮಾಪಕಾನೇ ತಾನೇ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಎರಡಕ್ಷರದ ಮಾತು. ಗೋಡೆಯ ಮೇಲೆ ಮೂಡಿದ್ದ ಮೇಷ್ಟ್ರ ತಲೆ ಕೂಡ ಆ ಎರಡಕ್ಷರಕ್ಕಾಗಿ ಕಾಯುತ್ತಿತ್ತು. ಆದರೆ ಹನ್ನೊಂದು ವರ್ಷ ಕಂಡದ್ದನ್ನೇ ಬರೆದವನ ನಾಲಗೆ ಸುಳ್ಳಿಗೆ ಹೊರಳಲಿಲ್ಲ.

"ಅಲ್ಲ ಸಾಹೇಬ್ರೆ. ನಮ್ಮದು ಬೆಳಿಗ್ಗೆ ಒಡೆದುಹೋಯ್ತು. ಇದು ಮೇಷ್ಟ್ರದು," ಎಂದು ಅವನು ಕರವಸ್ತ್ರ ಬಿಚ್ಚಿ ತುಂಡುಗಳನ್ನು ತೋರಿಸಿದ.

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಸದ್ದಿನ ನಡುವೆ ಸಭೆಯ ಗುಮಾಸ್ತ ಕೈಯೆತ್ತಿದ. "ಆಸ್ತಿಪಟ್ಟಿಯಲ್ಲಿರೋ ವಸ್ತು ಒಡೆದ್ರೆ ಅದರ ಮೂಲ ಡಬ್ಬಿಯಲ್ಲೇ ಇಟ್ಟು ಒಪ್ಪಿಸಬೇಕು. ಮೊದಲು ಅದಾಗಲಿ."

ಆ ಡಬ್ಬಿಯ ಬಗ್ಗೆ ಎರಡು ಮಾತು ಹೇಳಬೇಕು. ಉಷ್ಣಮಾಪಕ ಬಂದದ್ದು ಮರದ ಒಂದು ಉದ್ದನೆಯ ಡಬ್ಬಿಯಲ್ಲಿ. ಬಂದ ದಿನವೇ ಉಷ್ಣಮಾಪಕವನ್ನು ಹೊರತೆಗೆದು, ಡಬ್ಬಿಯನ್ನು ಆಸ್ತಿಪಟ್ಟಿಗೆ ಸೇರಿಸಿ, ಅರಗಿನ ಮುದ್ರೆ ಒತ್ತಿ, ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಪ್ರತಿ ವರ್ಷ ತಪಾಸಣೆಯವರು ಬಂದು "ಮರದ ಡಬ್ಬಿ, ಒಂದು, ಇದೆ" ಎಂದು ಬರೆದು ಹೋಗುತ್ತಿದ್ದರು. ಡಬ್ಬಿ ಇದೆಯೇ ಎಂದು ಹನ್ನೊಂದು ಸಲ ನೋಡಿದವರು ಡಬ್ಬಿಯಲ್ಲಿ ಏನಿದೆ ಎಂದು ಒಮ್ಮೆಯೂ ನೋಡಿರಲಿಲ್ಲ. ಮುದ್ರೆ ಒಡೆಯುವುದು ಅಪರಾಧವೆಂದು ಪಾದರಸನಿಗೆ ಮೊದಲ ದಿನವೇ ಹೇಳಲಾಗಿತ್ತು; ಅವನು ಹೇಳಿದ್ದನ್ನು ಕೇಳುವ ಮನುಷ್ಯ.

ಸಭಾಂಗಣದಲ್ಲಿ, ಎರಡು ಏರ್‌ಕೂಲರುಗಳ ನಡುವೆ, ಗುಮಾಸ್ತ ಮುದ್ರೆ ಒಡೆದು ಡಬ್ಬಿ ತೆರೆದ. ಮಕಮಲ್ಲಿನ ತಗ್ಗಿನಲ್ಲಿ ಮಡಿಸಿದ ಒಂದು ಹಳದಿ ಚೀಟಿ ಇತ್ತು. ಪಾದರಸ ತುಂಡುಗಳನ್ನು ಇಡಲು ಅದನ್ನು ಎತ್ತಿಕೊಂಡ, ಬಿಡಿಸಿದ, ಮನಸ್ಸಿನಲ್ಲೇ ಓದಿದ. ಮತ್ತೊಮ್ಮೆ ಓದಿದ. ಅವನ ಮುಖ ಅರಳಿತು.

"ಮೇಡಂ, ತಯಾರಿಸಿದವರೇ ಕೊಟ್ಟ ಚೀಟಿ ಇದು," ಎಂದು ಅವನು ಎಲ್ಲರಿಗೂ ಕೇಳುವಂತೆ ಓದಿದ: "'ಈ ಉಪಕರಣವು ನಿಜವಾದ ತಾಪಕ್ಕಿಂತ ಒಂದೂವರೆ ಡಿಗ್ರಿ ಕಡಿಮೆ ತೋರಿಸುತ್ತದೆ. ಓದಿದ ಅಂಕಿಗೆ ಒಂದೂವರೆ ಕೂಡಿಸಿ ಬರೆಯತಕ್ಕದ್ದು.'"

ಪಾದರಸ ಅಷ್ಟರಲ್ಲಿ ರಿಜಿಸ್ಟರು ತೆರೆದು ಬೆರಳು ಓಡಿಸುತ್ತಿದ್ದ. ಆಮೆಯಂಥ ಮನುಷ್ಯನಿಗೆ ಅಂದು ಮೊದಲ ಬಾರಿ ಹೆಸರಿಗೆ ತಕ್ಕ ವೇಗ ಬಂದಿತ್ತು.

"ನಿನ್ನೆ ಮೂವತ್ತೊಂಬತ್ತೂವರೆ ಅಲ್ಲ, ನಲವತ್ತೊಂದು. ಅದಕ್ಕೇ ಇವತ್ತು ಜಿಗಿದ ಹಾಗೆ ಕಾಣಿಸಿದ್ದು. ನಿಯಮ ಬಂದ ಮೇಲೆ ಮೂವತ್ತೆಂಟೂವರೆಯಿಂದ ನಲವತ್ತರ ಒಳಗೆ ಬಿದ್ದ ದಿನಗಳು ಅರವತ್ತೇಳು. ಅಷ್ಟೂ ದಿನ ನಿಜವಾಗಿ ನಲವತ್ತು ಮುಟ್ಟಿತ್ತು. ಅಷ್ಟೂ ದಿನದ ಬಿಡುವು ತಪ್ಪಿಹೋಗಿದೆ." ಅವನ ಬೆರಳು ಒಂದು ಸಾಲಿನ ಮೇಲೆ ನಿಂತಿತು. ಎರಡು ಬೇಸಿಗೆಯ ಹಿಂದಿನ ಸಾಲು. ಮೂವತ್ತೊಂಬತ್ತು. ಅವನು ಅದನ್ನು ಗಟ್ಟಿಯಾಗಿ ಓದಲಿಲ್ಲ.

ಗುತ್ತಿಗೆದಾರ ನಿಧಾನವಾಗಿ ಎದ್ದು ನಿಂತ. ಅವನ ಮುಖವೂ ಅರಳಿತ್ತು.

"ಅಂದ್ರೆ ಹನ್ನೊಂದು ವರ್ಷದ ಅಂಕಿ ತಪ್ಪು ಅಂತ ನೀನೇ ಒಪ್ಕೋತೀಯ?"

"ತಪ್ಪು ಸಾಹೇಬ್ರೆ, ಆದ್ರೆ..."

"ಗುಮಾಸ್ತರೇ, ಬರ್ಕೊಳ್ಳಿ. ಅಳತೆಗಾರ ಸ್ವತಃ ಒಪ್ಪಿಕೊಂಡ. ತಪ್ಪು ಅಂಕಿ ಇಟ್ಕೊಂಡು ನಿಯಮ ಮಾಡೋದು ಹೇಗೆ ಮೇಡಂ? ನಾನು ಮೂರು ವರ್ಷದಿಂದ ಬಾಯಿ ಬಡ್ಕೋತಾ ಇದ್ದಿದ್ದು ಇದನ್ನೇ ಅಲ್ವಾ?"

"ಆದ್ರೆ ಕಡಿಮೆ ತೋರಿಸ್ತಾ ಇತ್ತು," ಎಂದ ಪಾದರಸ. "ಎಲ್ಲಾ ವರ್ಷಕ್ಕೂ ಒಂದೇ ಒಂದೂವರೆ. ಏರಿಕೆ ಸುಳ್ಳಾಗಲ್ಲ. ತಾಪ ಇನ್ನೂ ಜಾಸ್ತಿ ಅಂತ ತಾನೇ ಇದರ ಅರ್ಥ?"

"ಅರ್ಥ ಹೇಳೋದು ನಿನ್ನ ಕೆಲಸ ಅಲ್ಲ. ಜೊತೆಗೆ ಇವನಿಗೆ ನೂರೊಂದು ಜ್ವರ ಇದೆ ಮೇಡಂ, ಔಷಧಿ ಅಂಗಡಿಯಾಕೇನೇ ನನಗೆ ಹೇಳಿದ್ಲು."

ಅಧ್ಯಕ್ಷೆ ಕೆಟ್ಟವರಲ್ಲ, ಎರಡೂ ಕಡೆಯವರನ್ನು ಸಮಾಧಾನಪಡಿಸಬೇಕೆಂಬ ರೋಗ ಅವರದು. ಕಿಟಕಿಯಲ್ಲಿ ಇಣುಕುತ್ತಿದ್ದ ಮೇಷ್ಟ್ರನ್ನು ತಜ್ಞರೆಂದು ಒಳಗೆ ಕರೆದು ಅಭಿಪ್ರಾಯ ಕೇಳಿದರು. ಮೇಷ್ಟ್ರು ಚೀಟಿಯನ್ನು ಓದಿ, ಈಚೆಯ ಉಪಕರಣ ಆಚೆಯದಕ್ಕಿಂತ ಬೇರೆಯಾದದ್ದರಿಂದ, ಆಚೆಯದು ಒಡೆದಿರುವುದರಿಂದ, ಚೀಟಿಯನ್ನು ಪರೀಕ್ಷಿಸಲು ಇನ್ನು ಸಾಧ್ಯವಿಲ್ಲವಾದ್ದರಿಂದ, ಹೆಚ್ಚಿನ ಅಧ್ಯಯನ ಅಗತ್ಯ ಎಂದರು. ಹೆಚ್ಚಿನ ಅಧ್ಯಯನ ಎಂಬ ಮಾತು ಒಂಬತ್ತೂ ಮುಖಗಳ ಮೇಲೆ ಏರ್‌ಕೂಲರಿಗಿಂತ ತಂಪಾಗಿ ಬೀಸಿತು.

ಹತ್ತು ನಿಮಿಷದಲ್ಲಿ ಸರ್ವಾನುಮತದ ನಿರ್ಣಯವಾಯಿತು. ಹಳೆಯ ಅಂಕಿಗಳು ದೋಷಪೂರಿತವೆಂದು ಸಾಬೀತಾದ ಕಾರಣ, ನಿರ್ದುಷ್ಟವಾದ ಹನ್ನೊಂದು ವರ್ಷಗಳ ಅಂಕಿ ದೊರೆಯುವವರೆಗೆ ನಿಯಮವನ್ನು ತಡೆಹಿಡಿಯಲಾಗಿದೆ. ಸಂದೇಹಕ್ಕೆ ಆಸ್ಪದವಿಲ್ಲದಂತೆ ಅಳತೆಗಾರನು ಇನ್ನು ಮುಂದೆ ಹನ್ನೆರಡರಿಂದ ಮೂರರವರೆಗೆ ಪೆಟ್ಟಿಗೆಯ ಬಳಿಯಲ್ಲೇ ನಿಂತಿದ್ದು, ಕಾಲು ಗಂಟೆಗೊಮ್ಮೆ ಅಂಕಿ ಬರೆಯತಕ್ಕದ್ದು. ಪೆಟ್ಟಿಗೆಯ ಬಳಿ ನೆರಳಿರಲಿಲ್ಲ ಎಂಬುದನ್ನು ನಿರ್ಣಯದಲ್ಲಿ ಸೇರಿಸಲಿಲ್ಲ.

ಮೇಷ್ಟ್ರು ತಮ್ಮ ಉಷ್ಣಮಾಪಕವನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡರು. ಹೊಸದು ಬರುವವರೆಗೆ ಏನನ್ನು ನೋಡಿ ಬರೆಯಬೇಕೆಂದು ಪಾದರಸ ಕೇಳಿದ. ಗುಮಾಸ್ತ ಪುಸ್ತಕದ ಮುಂದಿನ ಹಾಳೆ ತಿರುವಿದ.

ಅವನು ಮೆಟ್ಟಿಲಿಳಿದು ರಸ್ತೆಗೆ ಬಂದ. ತಂಗಿ ಮೂಗಿನವರೆಗೆ ಬಟ್ಟೆ ಸುತ್ತಿಕೊಂಡು, ಹೊಗೆಯಾಡುವ ಡಾಂಬರಿನ ಮೇಲೆ ಜಲ್ಲಿ ಎರಚುತ್ತಿದ್ದಳು.

"ಎಷ್ಟು ಬಂತಣ್ಣ?"

"ನಲವತ್ತೊಂದೂವರೆ. ನಿನ್ನೆಯದೂ ನಲವತ್ತೊಂದಂತೆ. ಆ ಉಷ್ಣಮಾಪಕ ಒಂದೂವರೆ ಕಡಿಮೆ ತೋರಿಸ್ತಿತ್ತು. ಇವತ್ತು ಗೊತ್ತಾಯ್ತು."

ಅವಳು ಸಲಿಕೆ ನಿಲ್ಲಿಸಿದಳು. "ಹಾಗಾದ್ರೆ ನಾನು ಬಿದ್ದಿದ್ದು?"

"ಅವತ್ತು ನಿನಗೆ ಬಿಡುವು ಇರಬೇಕಿತ್ತು." ಅವನು ನೆಲ ನೋಡಿದ. "ನಲವತ್ತೂವರೆ."

ಅವಳು ಮುಖದ ಬಟ್ಟೆಯನ್ನು ಕೆಳಗೆ ಸರಿಸಿದಳು. ಆಮೇಲೆ ಅವನ ಮುಖ ನೋಡಿ, ಅವಳೇ ಸಮಾಧಾನ ಮಾಡುವವಳಂತೆ, "ಹೋಗ್ಲಿ ಬಿಡು. ಈಗಲಾದ್ರೂ ಸರಿಯಾದ ಲೆಕ್ಕ ಸಿಕ್ತಲ್ಲ. ನಾಳೆ ಬಿಡುವು ತಾನೇ?" ಎಂದಳು.

"ಇಲ್ಲಮ್ಮ. ನಿಯಮಾನೇ ತಡೆಹಿಡಿದ್ರು. ಲೆಕ್ಕ ತಪ್ಪಾಗಿತ್ತಲ್ಲ, ಅದಕ್ಕೆ."

"ತಪ್ಪು ಯಾವ ಕಡೆಗೆ ಅಂತ ಯಾರೂ ನೋಡಲಿಲ್ವಾ?"

ಮೇಸ್ತ್ರಿ ಕೂಗಿದ, ಅವಳು ಸಲಿಕೆ ಎತ್ತಿಕೊಂಡಳು.

ಮರೆತ ರಿಜಿಸ್ಟರನ್ನು ತರಲು ಅವನು ಸಭಾಂಗಣಕ್ಕೆ ಮರಳಿದಾಗ ಗಂಟೆ ಮೂರೂಕಾಲು. ಸಭೆ ಮುಗಿದಿತ್ತು, ಆದರೆ ಒಬ್ಬರೂ ಎದ್ದಿರಲಿಲ್ಲ. ಗುತ್ತಿಗೆದಾರ ಏರ್‌ಕೂಲರಿನ ಮುಂದೆ ಅಂಗಿಯ ಗುಂಡಿ ಬಿಚ್ಚಿ ಕುಳಿತಿದ್ದ. ಮೇಷ್ಟ್ರು ಒದ್ದೆ ಟವೆಲ್ಲನ್ನು ತಲೆಗೆ ಸುತ್ತಿಕೊಂಡಿದ್ದರು.

"ಈ ಬಿಸಿಲಲ್ಲಿ ಹೊರಗೆ ಕಾಲಿಡೋಕಾಗುತ್ತಾ? ಸ್ವಲ್ಪ ಇಳೀಲಿ," ಎನ್ನುತ್ತಿದ್ದರು ಅಧ್ಯಕ್ಷೆ. "ಗುಮಾಸ್ತರೇ, ತಡವಾಗೋದಕ್ಕೆ ಕಾರಣ ನಮೂದಿಸಿಬಿಡಿ."

ಗುಮಾಸ್ತ ನಿರ್ಣಯದ ಕೆಳಗೆ, ಅದೇ ಪುಟದಲ್ಲಿ, ದುಂಡಗಿನ ಅಕ್ಷರಗಳಲ್ಲಿ ಬರೆಯುತ್ತಿದ್ದ: 'ಬಿಸಿಲು ಸಹಿಸಲಸಾಧ್ಯವಾಗಿರುವ ಕಾರಣ ಸದಸ್ಯರೆಲ್ಲರೂ ಸಂಜೆ ಐದರವರೆಗೆ ಸಭಾಂಗಣದಲ್ಲಿಯೇ ಉಳಿಯತಕ್ಕದ್ದು.' ಒಂಬತ್ತು ಜನರೂ ಅದಕ್ಕೆ ಸಹಿ ಹಾಕಿದರು.

ಪಾದರಸ ಭುಜದ ಮೇಲಿಂದ ಬಗ್ಗಿ ಅದನ್ನು ಓದಿದ. "ಗುಮಾಸ್ತರೇ," ಎಂದ ಮೆಲ್ಲಗೆ, "ಈ ಸಾಲನ್ನ ದಾಖಲೆ ಅಂತ ತಗೋಬಹುದಾ?"

ಗುಮಾಸ್ತ ಪುಸ್ತಕ ಮುಚ್ಚಿದ. "ಒಂದೇ ದಿನದ್ದು ಸಾಲದಪ್ಪ. ಹನ್ನೊಂದು ವರ್ಷ ಹೀಗೇ ಉಳೀಲಿ, ನೋಡೋಣ."

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎಂದು ಕೇಳುತ್ತ ಬಂದ ನಾವು ಈಗ ಕನ್ನಡಿಗೂ ಒಂದು ತಪಾಸಣಾ ಸಮಿತಿ ಕೇಳುವಷ್ಟು ಜಾಣರಾಗಿದ್ದೇವೆ. ಆದ್ದರಿಂದ ನಿಮ್ಮಲ್ಲಿ ಒಂದೇ ಬೇಡಿಕೆ. ನಾಳೆ ಮಧ್ಯಾಹ್ನ ಎರಡೂವರೆಗೆ ಫ್ಯಾನು ಆರಿಸಿ ಹೊರಗೆ ಬನ್ನಿ. ನಿಮ್ಮ ಬೀದಿಯಲ್ಲಿ ಆ ಹೊತ್ತಿಗೆ ಸಲಿಕೆ ಹಿಡಿದವರು ಯಾರಾದರೂ ಇದ್ದರೆ ಅವರ ಪಕ್ಕದಲ್ಲಿ ಕಾಲು ಗಂಟೆ ನಿಲ್ಲಿ. ಆಮೇಲೆ ಒಳಗೆ ಹೋಗಿ, ಮೊದಲು ಅವರಿಗೆ ಒಂದು ಚೊಂಬು ನೀರು ತಂದುಕೊಟ್ಟು, ನಿಮಗೆ ಎಷ್ಟು ಅನ್ನಿಸಿತೆಂದು ಕಾಗದದ ಮೇಲೆ ಬರೆದು, ಸಹಿ ಹಾಕಿ, ನಿಮ್ಮ ಊರಿನ ಸಭೆಗೆ ಕಳುಹಿಸಿ.